ಉರಿಯಬಾರದ ಎಣ್ಣೆ

ಎಣ್ಣೆಯ ಕೆಲಸ ಉರಿಯುವುದು. ಗದಗ ಸೀಮೆಯ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳನ್ನು ಓದುವವರಿಗೆ ಇದು ಹೊಸ ಮಾತಲ್ಲ. ಗಾಣಕ್ಕೆ ಇಷ್ಟು ಎಂದು ದೇವರ ನಂದಾದೀವಿಗೆಗೆ ಎಣ್ಣೆ ಬಿಟ್ಟ ದಾನಗಳು, ಅದರ ಹೊಣೆ ಹೊತ್ತ ಐವತ್ತೊಕ್ಕಲು ತೆಲ್ಲಿಗರು ಅಲ್ಲಿ ಮತ್ತೆ ಮತ್ತೆ ಎದುರಾಗುತ್ತಾರೆ. ಆದರೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಎಣ್ಣೆಗೆ ತದ್ವಿರುದ್ಧವಾದ ಕೆಲಸವೊಂದು ಬಂತು. ವಿದ್ಯುತ್ ಉಪಕರಣದೊಳಗೆ ಕುಳಿತು ಶಾಖ ಹೀರಬೇಕು, ವಿದ್ಯುತ್ತನ್ನು ಹಾಯಗೊಡಬಾರದು, ಉರಿಯಲೂ ಬಾರದು. ಈ ಮೂರಕ್ಕೂ ಒದಗುವ ಎಣ್ಣೆಯನ್ನು ಹುಡುಕಿದ ಚರಿತ್ರೆ ನಾವು ಅಂದುಕೊಂಡಷ್ಟು ತಣ್ಣಗಿಲ್ಲ.

ಒಂದು ಪುಟ್ಟ ಪರೀಕ್ಷಾ ಉಪಕರಣ ನೋಡೋಣ. ರೇಡಿಯೊ ಟ್ರಾನ್ಸ್‌ಮಿಟರನ್ನು ಪರೀಕ್ಷಿಸುವಾಗ ಆಂಟೆನಾ ಬದಲು ‘ಡಮ್ಮಿ ಲೋಡ್’ ಜೋಡಿಸುತ್ತಾರೆ. ಸಂಕೇತ ಗಾಳಿಗೆ ಹೋಗದೆ ಅಲ್ಲೇ ಶಾಖವಾಗಿ ಮುಗಿಯುತ್ತದೆ. ಅಮೆರಿಕದ ಹೀತ್‌ಕಿಟ್ ಕಂಪನಿ 1960ರ ದಶಕದಲ್ಲಿ ಮಾರಿದ ‘ಕ್ಯಾಂಟೆನಾ’ ಇಂಥದ್ದೇ: ಒಂದು ಗ್ಯಾಲನ್ ಹಿಡಿಯುವ ಪೇಂಟ್ ಡಬ್ಬಿ, ಒಳಗೆ 50 ಓಮ್ ರೆಸಿಸ್ಟರ್, ಅದು ಮುಳುಗುವಷ್ಟು ಎಣ್ಣೆ. ಎಣ್ಣೆಯನ್ನು ಮಾತ್ರ ಕೊಂಡವರೇ ಹುಡುಕಿ ತುಂಬಬೇಕು. 1000 ವಾಟ್ ಹಾಯಿಸಿದರೆ, ಡಬ್ಬಿಯ ಮೈಯಿಂದ ಹೊರಹೋಗುವ ಶಾಖ ಬಿಟ್ಟು ಲೆಕ್ಕ ಹಾಕಿದಾಗ, ಆ ಎಣ್ಣೆ ಹತ್ತು ನಿಮಿಷದಲ್ಲಿ ಸುಮಾರು 90 ಡಿಗ್ರಿ ಏರುತ್ತದೆ. ಮುಂಡರಗಿಯ ಬೇಸಿಗೆಯ 40 ಡಿಗ್ರಿಯಿಂದ ಶುರು ಮಾಡಿದರೆ 130. ಟ್ರಾನ್ಸ್‌ಫಾರ್ಮರ್ ಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳುವುದು 140ರ ಆಸುಪಾಸಿನಲ್ಲಿ. ನಡುವೆ ಉಳಿದ ಅಂತರ ಅಷ್ಟೇ.

ಅಡುಗೆ ಎಣ್ಣೆ ಹಾಕಿದರೆ? ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಹೊಲದಲ್ಲಿ ಶೇಂಗಾ, ಕುಸುಬಿ ಕಂಡು ಬೆಳೆದವರಿಗೆ ಈ ಪ್ರಶ್ನೆ ಬರುವುದು ಸಹಜ. ಬೆಂಕಿಯ ಮಟ್ಟಿಗೆ ಸಸ್ಯದ ಎಣ್ಣೆ ಖನಿಜ ಎಣ್ಣೆಗಿಂತ ವಾಸಿ, ಅದು ಹೊತ್ತಿಕೊಳ್ಳಲು 300 ಡಿಗ್ರಿ ದಾಟಬೇಕು. ಅದರ ಶತ್ರು ಗಾಳಿ. ಅಗಸಿ ಎಣ್ಣೆಯನ್ನು ಬಾಗಿಲಿಗೆ ಬಳಿದರೆ ಕೆಲವು ದಿನಗಳಲ್ಲಿ ಗಟ್ಟಿ ಪದರವಾಗುತ್ತದಲ್ಲ, ಅದೇ ಗುಣ ಕುಸುಬಿಯಲ್ಲಿ ತುಸು ಕಡಿಮೆ, ಶೇಂಗಾದಲ್ಲಿ ಇನ್ನೂ ಕಡಿಮೆ, ಆದರೆ ಇದ್ದೇ ಇದೆ. ಬಿಸಿಯಲ್ಲಿ ಅದು ಬೇಗ ಹುಳಿಯಾಗಿ ಜಿಡ್ಡುಗಟ್ಟುತ್ತದೆ. ಮಂದವೂ ಆದ್ದರಿಂದ ಒಳಗೆ ಸುತ್ತಾಡಿ ಶಾಖ ಹೊರುವುದು ನಿಧಾನ. ವಿದ್ಯುತ್ ಯುಗದ ಆರಂಭದಲ್ಲೇ ಸಸ್ಯದ ಎಣ್ಣೆಗಳನ್ನು ಪ್ರಯೋಗಿಸಿ ಕೈಬಿಟ್ಟದ್ದು ಇದಕ್ಕೇ. ಪೆಟ್ರೋಲಿಯಂನಿಂದ ಬಂದ ಖನಿಜ ಎಣ್ಣೆ ಆ ಜಾಗ ಹಿಡಿಯಿತು. ನಮ್ಮಲ್ಲಿ ಅದರ ಗುಣಮಟ್ಟ ಹೇಳುವುದು ಐಎಸ್ 335.

ಖನಿಜ ಎಣ್ಣೆಗೆ ಬೆಂಕಿ ಹೊತ್ತಿಕೊಳ್ಳುವ ಭಯ ಉಳಿಯಿತು. ಉತ್ತರವೆಂಬಂತೆ 1929ರಲ್ಲಿ ಅಮೆರಿಕದಲ್ಲಿ ಪಿಸಿಬಿ, ಅಂದರೆ ಪಾಲಿಕ್ಲೋರಿನೇಟೆಡ್ ಬೈಫಿನೈಲ್, ಮಾರುಕಟ್ಟೆಗೆ ಬಂತು. ಉರಿಯುವುದೇ ಕಷ್ಟ, ಕೆಡುವುದಿಲ್ಲ, ಗಾಳಿಗೂ ಜಗ್ಗುವುದಿಲ್ಲ. ಎಂಜಿನಿಯರುಗಳು ಕೇಳಿದ್ದೆಲ್ಲ ಸಿಕ್ಕಿತು. ಕೆಡದ ವಸ್ತು ಮಣ್ಣಿಗೆ, ಮೀನಿಗೆ, ಮೈಗೆ ಹೋದರೆ ಅಲ್ಲೂ ಕೆಡುವುದಿಲ್ಲ ಎಂಬುದನ್ನು ಮಾತ್ರ ಯಾರೂ ಕೇಳಿಕೊಳ್ಳಲಿಲ್ಲ. 1966ರಲ್ಲಿ ಸ್ವೀಡನ್ನಿನ ಸೋರೆನ್ ಜೆನ್ಸನ್ ಅದನ್ನು ವನ್ಯಜೀವಿಗಳ ದೇಹದಲ್ಲಿ ಗುರುತಿಸಿದರು. ಎರಡೇ ವರ್ಷಕ್ಕೆ, 1968ರಲ್ಲಿ, ಪಶ್ಚಿಮ ಜಪಾನಿನಲ್ಲಿ ಅಕ್ಕಿ ತವುಡಿನ ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಯ ಕೊಳವೆಯಿಂದ ಶಾಖ ಸಾಗಿಸುವ ಪಿಸಿಬಿ ಸೋರಿ ಅಡುಗೆ ಎಣ್ಣೆಗೆ ಬೆರೆಯಿತು. ತಿಂದವರ ಚರ್ಮದ ಮೇಲೆ ಕಪ್ಪು ಗುಳ್ಳೆಗಳೆದ್ದವು. ಕಪ್ಪಾದ ಚರ್ಮದ ಮಕ್ಕಳು ಹುಟ್ಟಿದರು. ಸಾವಿರಾರು ಜನರನ್ನು ಕಾಡಿದ ಆ ರೋಗಕ್ಕೆ ‘ಯೂಶೊ’ ಎಂಬ ಹೆಸರು ಬಂತು. ಅದರ ಅರ್ಥವೇ ಎಣ್ಣೆ ರೋಗ.

ಅಮೆರಿಕ 1979ರಲ್ಲಿ ಪಿಸಿಬಿ ತಯಾರಿಕೆ ನಿಷೇಧಿಸಿತು. ಭಾರತ 2006ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವನ್ನು ಅನುಮೋದಿಸಿತು. 2016ರ ಆದೇಶ ತಯಾರಿಕೆ, ಆಮದನ್ನು ನಿಷೇಧಿಸಿ, ಬಳಕೆ ನಿಲ್ಲಿಸಲು 2025ರ ಡಿಸೆಂಬರ್ 31ರ ಗಡುವು ಕೊಟ್ಟಿತು. ಪಿಸಿಬಿ ಇರುವ ಉಪಕರಣಗಳನ್ನು ಗುರುತಿಸಿ ವಿಲೇವಾರಿ ಮಾಡುವ ಕೆಲಸದಲ್ಲಿ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯೂ ಪಾಲುಗೊಂಡಿದೆ. ತೊಡಕೆಂದರೆ, ಪಿಸಿಬಿ ತುಂಬಿದ ಉಪಕರಣದಲ್ಲಷ್ಟೇ ಅದು ಉಳಿಯಲಿಲ್ಲ. ಒಂದೇ ಫಿಲ್ಟರ್ ಯಂತ್ರದಲ್ಲಿ ಎಲ್ಲ ಎಣ್ಣೆಯನ್ನೂ ಸೋಸಿದ ಕಡೆ ಖನಿಜ ಎಣ್ಣೆಗೂ ಹತ್ತಿತು. ಶುದ್ಧ ಪಿಸಿಬಿ ನೀರಿಗಿಂತ ಭಾರ, ನೀರಿಗೆ ಹಾಕಿದರೆ ಮುಳುಗುತ್ತದೆ. ಆದರೆ ಒಂದು ಕಿಲೊ ಎಣ್ಣೆಯಲ್ಲಿ 50 ಮಿಲಿಗ್ರಾಂ ಇದ್ದರೂ ಕಲುಷಿತ ಎಂದೇ ಲೆಕ್ಕ, ಅಷ್ಟನ್ನು ಕಣ್ಣು, ಮೂಗು ಹಿಡಿಯಲಾರವು. ವೆಲ್ಡಿಂಗ್ ಸೆಟ್ಟಿಗೋ ಪ್ರಯೋಗದ ಡಬ್ಬಿಗೋ ಗುಜರಿಯಿಂದ ಹಳೆ ಎಣ್ಣೆ ತರುವ ನಮ್ಮೂರ ಹುಡುಗರ ಬಗ್ಗೆ ನನಗೆ ಆತಂಕ ಇರುವುದು ಇಲ್ಲೇ.

ಈಗ ಸಸ್ಯದ ಎಣ್ಣೆ ಮರಳಿ ಬಂದಿದೆ. ಚೆನ್ನಾಗಿ ಶುದ್ಧಿ ಮಾಡಿ, ಹುಳಿಯಾಗದಂತೆ ರಾಸಾಯನಿಕ ಬೆರೆಸಿ, ಗಾಳಿಯಾಡದ ಟ್ಯಾಂಕಿನಲ್ಲಿ ತುಂಬುವ ‘ನ್ಯಾಚುರಲ್ ಎಸ್ಟರ್’ಗೆ ನಮ್ಮಲ್ಲಿ ಪ್ರತ್ಯೇಕ ಮಾನದಂಡವೇ ಇದೆ. ಹೊರದೇಶಗಳಲ್ಲಿ ಹೆಚ್ಚಾಗಿ ಸೋಯಾದಿಂದ ಮಾಡುತ್ತಾರೆ. ಚೆಲ್ಲಿದರೆ ಮಣ್ಣಿನಲ್ಲಿ ಕರಗಿಹೋಗುತ್ತದೆ. ಗಾಣದಿಂದ ಬಂದದ್ದನ್ನು ಹಾಗೇ ಸುರಿದರೆ ಮಾತ್ರ ನೂರು ವರ್ಷದ ಹಿಂದಿನ ಜಿಡ್ಡೇ ಗತಿ. ಗಾಳಿಯಾಡುವ ಡಬ್ಬಿಯ ಡಮ್ಮಿ ಲೋಡಿಗೆ ಇವತ್ತಿಗೂ ಸರಿಹೊಂದುವುದು ಸೀಲ್ ಒಡೆಯದ ಹೊಸ ಖನಿಜ ಟ್ರಾನ್ಸ್‌ಫಾರ್ಮರ್ ಎಣ್ಣೆ. ಅದನ್ನೂ ಕೆಲವು ನಿಮಿಷ ಓಡಿಸಿ, ಕೈಗೆ ಬಿಸಿ ತಾಗದಷ್ಟು ಆರಿದ ಮೇಲೆಯೇ ಮತ್ತೆ ಹಚ್ಚಬೇಕು.