ಗಾಜಿನ ಮನೆಯ ಪೂರ್ವಜ: ಒಂದು ನೀರಿನ ಹೂ

ರಜೆಗೆ ಬೆಂಗಳೂರಿಗೆ ಹೋದಾಗ ನಮ್ಮಲ್ಲಿ ಅನೇಕರು ಮಕ್ಕಳನ್ನು ಲಾಲ್‌ಬಾಗಿನ ಗಾಜಿನ ಮನೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. 1889ರಲ್ಲಿ ಅಡಿಗಲ್ಲು ಬಿದ್ದ ಆ ಕಟ್ಟಡಕ್ಕೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯೆಂದು ನಾವೆಲ್ಲ ಕೇಳಿದ್ದೇವೆ. ಆ ಪ್ಯಾಲೇಸಿಗೆ ಮಾದರಿ ಯಾವುದು? ಒಂದು ನೈದಿಲೆಯ ಎಲೆ!

1837ರ ಜನವರಿ 1ರಂದು ರಾಬರ್ಟ್ ಷೊಂಬುರ್ಕ್ ಬ್ರಿಟಿಷ್ ಗಯಾನಾದ ಬರ್ಬೀಸ್ ನದಿಯಲ್ಲಿ ಈ ದೈತ್ಯ ನೈದಿಲೆಯನ್ನು ಕಂಡ. ಅದೇ ವರ್ಷ ಲಿಂಡ್ಲೆ ಅದಕ್ಕೆ ಹೊಸ ರಾಣಿಯ ಹೆಸರಿಟ್ಟು 'ವಿಕ್ಟೋರಿಯಾ ರೀಜಿಯಾ' ಎಂದ. ಆದರೆ 1832ರಲ್ಲೇ ಪೊಪ್ಪಿಗ್ ಎಂಬ ಜರ್ಮನ್ ಅದನ್ನು ವರ್ಣಿಸಿ, ಮಖಾನಾದ ಜಾತಿಗೆ ಸೇರಿಸಿಬಿಟ್ಟಿದ್ದ. ನಮ್ಮ ಉತ್ತರದ ನೆರೆಯವರು ಉಪವಾಸಕ್ಕೆ ಹುರಿದು ತಿನ್ನುವ ಅದೇ ಮಖಾನಾ! ಹೀಗಾಗಿ ಇಂದಿನ ಹೆಸರು 'ವಿಕ್ಟೋರಿಯಾ ಅಮೆಜೋನಿಕಾ'. ರಾಣಿ ಉಳಿದಳು, ಆದರೆ ರಾಜಪದವಿ ಹೋಯಿತು.

ಇಂಗ್ಲೆಂಡಿನ ಚಾಟ್ಸ್‌ವರ್ತ್‌ನಲ್ಲಿ ತೋಟದ ಮೇಲ್ವಿಚಾರಕ ಜೋಸೆಫ್ ಪ್ಯಾಕ್ಸ್‌ಟನ್ 1849ರ ನವೆಂಬರಿನಲ್ಲಿ ಅದನ್ನು ಅರಳಿಸಿದ. ತನ್ನ ಪುಟ್ಟ ಮಗಳು ಆ್ಯನಿಯನ್ನು ಎಲೆಯ ಮೇಲೆ ನಿಲ್ಲಿಸಿದರೂ ಅದು ಮುಳುಗಲಿಲ್ಲ. ಎಲೆಯ ಅಡಿಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಹಾಯುವ ದಪ್ಪ ನರಗಳೇ ಅದಕ್ಕೆ ತೊಲೆ, ಜಂತಿ. ಅದರಿಂದಲೇ ಕಲಿತೆನೆಂದು ಪ್ಯಾಕ್ಸ್‌ಟನ್ ತಾನೇ ಹೇಳಿಕೊಂಡಿದ್ದಾನೆ. 1851ರಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎದ್ದಿತು.

ಇಷ್ಟು ಹೆಸರಾದ ಗಿಡವನ್ನು ವಿಜ್ಞಾನಿಗಳು ಪೂರ್ತಿ ಗುರುತಿಸಿದ್ದರೆಂದೇ ನಾವು ಭಾವಿಸಿದ್ದೆವು. ಹಾಗಾಗಿರಲಿಲ್ಲ. ಅಮೆಜೋನಿಕಾ, ಕ್ರೂಜಿಯಾನಾ ಎಂಬ ಎರಡೇ ಪ್ರಭೇದಗಳೆಂಬ ಲೆಕ್ಕ ಬಹುಕಾಲ ನಡೆಯಿತು. ಮುಳ್ಳು ತುಂಬಿದ, ಮಂಚಕ್ಕಿಂತ ದೊಡ್ಡ ಎಲೆಯನ್ನು ಒಣಗಿಸಿ ಹಾಳೆಗೆ ಅಂಟಿಸುವುದು ಸುಲಭವೇ? ಅದಕ್ಕೇ ಮಾದರಿಗಳು ವಿರಳ. 2006ರಲ್ಲಿ ಕ್ಯೂ ಉದ್ಯಾನದ ಕಾರ್ಲೋಸ್ ಮ್ಯಾಗ್ಡಲೀನಾ ಒಂದು ಫೋಟೋ ನೋಡಿ, ಇದು ಬೇರೆಯದೇ ಇರಬೇಕೆಂದು ಸಂಶಯಪಟ್ಟರು. 2016ರಲ್ಲಿ ಬೊಲಿವಿಯಾದಿಂದ ಬೀಜ ಬಂತು. ಬೆಳೆಸಿ, ಉಳಿದೆರಡರ ಪಕ್ಕದಲ್ಲಿಟ್ಟು ಹೋಲಿಸಿ, ಡಿ.ಎನ್.ಎ. ಪರೀಕ್ಷಿಸಿ, 2022ರ ಜುಲೈಯಲ್ಲಿ 'ವಿಕ್ಟೋರಿಯಾ ಬೊಲಿವಿಯಾನಾ' ಎಂದು ಸಾರಿದರು. ತಮಾಷೆಯೆಂದರೆ, ಅದರ ಒಣ ಮಾದರಿ ಕ್ಯೂ ಸಂಗ್ರಹದಲ್ಲೇ 177 ವರ್ಷಗಳಿಂದ ಮಲಗಿತ್ತು!

ಅದರ ತವರು ಬೊಲಿವಿಯಾದ ಬೇನಿ ಪ್ರಾಂತದ ಯಾನೋಸ್ ದೆ ಮೊಹೋಸ್, ಮಳೆಗಾಲದಲ್ಲಿ ನೆರೆ ತುಂಬುವ ಹುಲ್ಲುಬಯಲು. ಬೊಲಿವಿಯಾದ ತೋಟವೊಂದರಲ್ಲಿ ಅದರ ಎಲೆ 3.2 ಮೀಟರ್ ಅಗಲಕ್ಕೆ ಬೆಳೆದಿದೆ. ಹೂ ಅರಳುವುದು ರಾತ್ರಿ: ಮೊದಲ ರಾತ್ರಿ ಬಿಳಿ, ಮರುರಾತ್ರಿ ಗುಲಾಬಿ. ಚಿತ್ರಕಲಾವಿದೆ ಲೂಸಿ ಸ್ಮಿತ್ ಅದನ್ನು ಬರೆಯಲು ಕ್ಯೂನ ಗಾಜಿನ ಮನೆಗೆ ಕತ್ತಲಲ್ಲೇ ಹೋಗಬೇಕಾಯಿತು.