ಮೊಹರು ನಿಜ, ಪತ್ರ ಸುಳ್ಳು: ಮಕ್ಕಳೊಡನೆ ಬೀದರ್ ನೋಡುವ ಬಗೆ



ಐತಿಹಾಸಿಕ ನಗರ ಎಂದೊಡನೆ ನಮ್ಮಲ್ಲಿ ಅನೇಕರ ಮನಸ್ಸು ಯುರೋಪಿನ ಕಡೆಗೆ, ಸ್ಪೇನ್ ದೇಶದ ಕಾರ್ಡೋಬಾ, ಗ್ರಾನಡಾಗಳ ಕಡೆಗೆ ಹೋಗುತ್ತದೆ. ಕ್ರಿ.ಶ. 785ರ ಸುಮಾರಿಗೆ ಆರಂಭವಾದ ಕಾರ್ಡೋಬಾ ಮಸೀದಿಯ ಕಮಾನುಗಳನ್ನು ನಮ್ಮ ಮಕ್ಕಳು ಮೊಬೈಲಿನಲ್ಲಿ ನೋಡಿರುತ್ತಾರೆ. ಅಲ್ಲಿಗೆ ಹೋಗಿ ಬರುವ ಅನುಕೂಲ ಎಷ್ಟು ಮನೆಗಳಿಗಿದೆ? ಆದರೆ ನಮ್ಮ ಸರ್ಜಾಪುರದಿಂದ ಬೆಂಗಳೂರಿಗೆ ಹೋಗಿ ರಾತ್ರಿ ರೈಲು ಹತ್ತಿದರೆ ಮರುದಿನ ಬೀದರ್ ತಲುಪಬಹುದು. ದೂರ ಸುಮಾರು 700 ಕಿ.ಮೀ. ಒಂದು ಕಾಲದಲ್ಲಿ ಯುರೋಪಿನವರೇ ಆ ಊರಿಗೆ ಬಂದಿದ್ದರು. ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಅಲ್ಲಿ ತನ್ನ ಕುದುರೆಯನ್ನು ಮಾರಿದ. ಅಮೀರರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಕಂಡು ಎರಡನ್ನೂ ಬರೆದಿಟ್ಟ.

ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ರಾಜರ ಹೆಸರು, ಇಸವಿಗಳ ಪಟ್ಟಿ ಒಪ್ಪಿಸಿದರೆ ಅವರು ಹತ್ತು ನಿಮಿಷದಲ್ಲಿ ಬೇಸರಗೊಳ್ಳುತ್ತಾರೆ. ಅನ್ಯಾಯದ ಕಥೆಯೊಂದನ್ನು ಹೇಳಿದರೆ ಮಾತ್ರ ತಾವಾಗಿಯೇ ಪ್ರಶ್ನೆ ಕೇಳುತ್ತಾರೆ. ಬೀದರಿನಲ್ಲಿ ಅಂಥ ಕಥೆಯೊಂದಿದೆ. ಆದ್ದರಿಂದ ಕೋಟೆಗೆ ಮೊದಲು ಮಹಮೂದ್ ಗವಾನ್ ಮದರಸಾಕ್ಕೆ ಹೋಗುವುದು ಒಳ್ಳೆಯದು.

ಖ್ವಾಜಾ ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತದವರು. 1453ರಲ್ಲಿ ವ್ಯಾಪಾರಿಯಾಗಿ ಬೀದರಿಗೆ ಬಂದವರು ತಮ್ಮ ಯೋಗ್ಯತೆಯಿಂದ ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದರು. 1472ರಲ್ಲಿ ಈ ಮದರಸಾ ಪೂರ್ಣಗೊಂಡಿತು. ಮೂರು ಅಂತಸ್ತಿನ ಕಟ್ಟಡ; ನಡುವೆ ವಿಶಾಲವಾದ ಅಂಗಳ; ಪಾಠದ ಸಭಾಂಗಣಗಳು, ಮಸೀದಿ, ಗ್ರಂಥಾಲಯ, ಗುರುಗಳಿಗೂ ವಿದ್ಯಾರ್ಥಿಗಳಿಗೂ ವಾಸದ ಕೋಣೆಗಳು. ಗವಾನರ ಸಂಗ್ರಹದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಉಳಿದಿರುವ ಮಿನಾರಿನ ಮೇಲೆ ಬಣ್ಣದ ಹೆಂಚುಗಳ ಅಂಕುಡೊಂಕು ವಿನ್ಯಾಸ ಇಂದಿಗೂ ಅಲ್ಲಲ್ಲಿ ಹೊಳೆಯುತ್ತದೆ.

ಮಕ್ಕಳನ್ನು ಆ ಮಿನಾರಿನ ನೆರಳಿನಲ್ಲಿ ಕೂರಿಸಿ ಈ ಕಥೆಯನ್ನು ಹೇಳಬೇಕು. ಗವಾನರು ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿದರು, ಜಮೀನಿನ ಅಳತೆ ಮಾಡಿಸಿದರು, ಒಬ್ಬ ಪ್ರಾಂತಾಧಿಕಾರಿಯ ಕೈಯಲ್ಲಿ ಒಂದೇ ಕೋಟೆ ಇರಬೇಕೆಂದರು. ಇದರಿಂದ ಅಧಿಕಾರ ಕಳೆದುಕೊಂಡ ಸರದಾರರು ಹೊಂಚು ಹಾಕಿದರು. ಮೊಹರು ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಗವಾನರ ಮೊಹರು ಒತ್ತಿಸಿದರು. ನಂತರ ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆದಂತೆ ಅದರಲ್ಲಿ ಬರೆದು ಸುಲ್ತಾನ್ ಮೂರನೇ ಮುಹಮ್ಮದ್ ಷಾನ ಮುಂದಿಟ್ಟರು. ಮೊಹರು ನನ್ನದು, ಪತ್ರ ನನ್ನದಲ್ಲ ಎಂದು ಗವಾನರು ಹೇಳಿಕೊಂಡರು. ಕುಡಿದ ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆಯನ್ನೇ ನಡೆಸಲಿಲ್ಲ. 1481ರ ಏಪ್ರಿಲ್ 5ರಂದು ಆ ಇಳಿವಯಸ್ಸಿನ ಮಂತ್ರಿಯ ತಲೆ ಕಡಿಸಿದ. ಸತ್ಯ ತಿಳಿದು ಪಶ್ಚಾತ್ತಾಪಪಟ್ಟರೂ ಹೋದ ಜೀವ ಬರಲಿಲ್ಲ. ಮರುವರ್ಷ ಸುಲ್ತಾನನೂ ತೀರಿಕೊಂಡ. ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯಿತು.

ಇಲ್ಲಿ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿ: "ಆ ದರ್ಬಾರಿನಲ್ಲಿ ನೀವಿದ್ದಿದ್ದರೆ ಏನು ಕೇಳುತ್ತಿದ್ದಿರಿ?" ಪತ್ರ ಎಲ್ಲಿ ಸಿಕ್ಕಿತು, ಯಾರ ಕೈಬರಹ, ತಂದವರಿಗೆ ಏನು ಲಾಭ ಎಂಬುದನ್ನು ಅವರೇ ಹೇಳುತ್ತಾರೆ. ಇಂದು ಅವರ ಕೈಯಲ್ಲಿರುವ ಫೋನಿಗೆ ದಿನವೂ ಇಂಥ ಪತ್ರಗಳು ಬರುತ್ತವೆ. ಚಿತ್ರ ನಿಜವಿರುತ್ತದೆ, ಅದರ ಕೆಳಗಿನ ಬರಹ ಸುಳ್ಳಿರುತ್ತದೆ. ಓದಿದ ಕೂಡಲೇ ನಂಬಿ ಮುಂದಕ್ಕೆ ಕಳುಹಿಸುವವರು ಆ ಸುಲ್ತಾನನ ಕೆಲಸವನ್ನೇ ಮಾಡುತ್ತಾರೆ. ಒಂದು ಊರಿನ ನೆಮ್ಮದಿ ಕೆಡಲು ಅಷ್ಟು ಸಾಕು.

ಕಥೆ ಕೇಳಿದ ಮೇಲೆ ಕಟ್ಟಡದ ಮುರಿದ ಭಾಗವನ್ನು ತೋರಿಸಿ. 1657ರಲ್ಲಿ ಬೀದರ್ ಮೊಘಲರ ವಶವಾದ ನಂತರ ಈ ವಿದ್ಯಾಮಂದಿರದ ಕೋಣೆಗಳಲ್ಲಿ ಸೈನಿಕರು ಬಿಡಾರ ಹೂಡಿದರು, ಸಿಡಿಮದ್ದು ತುಂಬಿಸಿಟ್ಟರು. 1696ರಲ್ಲಿ ಅದು ಸಿಡಿದು ಹೆಬ್ಬಾಗಿಲೂ ಒಂದು ಮಿನಾರೂ ಕುಸಿದವು. ಪುಸ್ತಕ ಇರಬೇಕಾದ ಕಡೆ ಮದ್ದು ಇಟ್ಟರೆ ಏನಾಗುತ್ತದೆಂದು ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಬೇಕಾಗಿಲ್ಲ. ಆ ಗೋಡೆಯನ್ನು ನೋಡಿದರೆ ಸಾಕು.

ಮಧ್ಯಾಹ್ನ ಅಷ್ಟೂರಿಗೆ ಹೋಗಿ ಬಹಮನಿ ಸುಲ್ತಾನರ ಗುಮ್ಮಟಗಳನ್ನು ನೋಡಿರಿ. ಅಲ್ಲಿ ಮಲಗಿರುವ ಅಹಮದ್ ಷಾ ವಲಿಯನ್ನು ಹಿಂದೂಗಳು ಅಲ್ಲಮಪ್ರಭುವೆಂದು ನಂಬುತ್ತಾರೆ. ಅವರ ಉರುಸಿನಲ್ಲಿ ಜಂಗಮರಿಗೆ ಮುಖ್ಯ ಸ್ಥಾನವಿದೆ. ಕೊನೆಗೆ ಊರ ಹೊರಗಿನ ಗವಾನರ ಸಮಾಧಿಗೆ ಬನ್ನಿರಿ. ಅದರ ಮೇಲೆ ಗುಮ್ಮಟವಿಲ್ಲ. ಒಂದು ಕಟ್ಟೆ, ಅದರ ಮೇಲೆ ಸಾದಾ ಗೋರಿ, ಅಷ್ಟೇ. ಗುಮ್ಮಟದಡಿ ಮಲಗಿದ ಸುಲ್ತಾನರಲ್ಲಿ ಎಷ್ಟು ಜನರ ಹೆಸರು ನೆನಪಿದೆ ಎಂದು ಮಕ್ಕಳನ್ನು ಕೇಳಿ ನೋಡಿ. ಶಾಲೆ ಕಟ್ಟಿದವರ ಹೆಸರನ್ನು ಮಾತ್ರ ಅವರು ಮರೆತಿರುವುದಿಲ್ಲ.