ಚರ್ಮವಾದ್ಯದವರ ಅಂಜಿಕೆ

ಗಾಯಕನ ಕಂಠ ಕೆಟ್ಟರೆ ಸಭೆ ಮರುಕಪಡುತ್ತದೆ. ತಬಲಾದವನ ಕೈ ತಪ್ಪಿದರೆ ನಗುತ್ತದೆ. ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಭಾಲ್ಕಿಯಿಂದ ಫೋನ್ ಮಾಡಿದ್ದನು. "ಸರ್, ಮಗ ತಬಲಾ ಚೆನ್ನಾಗಿಯೇ ಬಾರಿಸುತ್ತಾನೆ, ಆದರೆ ವೇದಿಕೆ ಏರಿದರೆ ಕೈ ನಡುಗುತ್ತವೆ" ಎಂದನು. ಅವನಿಗೆ ಫೋನಿನಲ್ಲಿ ಎರಡು ಮಾತಿನ ಸಮಾಧಾನ ಹೇಳಿದೆ. ಆದರೆ ಈ ಅಂಜಿಕೆಗೆ ದೊಡ್ಡದೊಂದು ಇತಿಹಾಸವೇ ಇದೆಯಾದ್ದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಭರತನ ನಾಟ್ಯಶಾಸ್ತ್ರದಲ್ಲಿ ಚರ್ಮವಾದ್ಯಗಳ ಹುಟ್ಟಿನ ಕಥೆಯೊಂದಿದೆ. ಸ್ವಾತಿ ಎಂಬ ಮುನಿಯು ನೀರು ತರಲು ಕೊಳಕ್ಕೆ ಹೋದಾಗ ಮಳೆ ಸುರಿಯಿತಂತೆ. ತಾವರೆಯ ದೊಡ್ಡ, ಸಣ್ಣ ಎಲೆಗಳ ಮೇಲೆ ಹನಿಗಳು ಬಿದ್ದು ಬೇರೆ ಬೇರೆ ನಾದ ಹೊಮ್ಮಿದ್ದನ್ನು ಕೇಳಿ ಅವನು ಮೃದಂಗಾದಿಗಳನ್ನು ಕಲ್ಪಿಸಿದನು. ವಿಚಿತ್ರವೆಂದರೆ ವಾದ್ಯಕ್ಕೆ ಜನ್ಮ ಕೊಟ್ಟ ಆ ಮಳೆಯೇ ಅದರ ಮೊದಲ ವೈರಿ. ತೇವವಿದ್ದರೆ ಚರ್ಮ ಸಡಿಲವಾಗಿ ಸ್ವರ ಇಳಿಯುತ್ತದೆ. ಬಿಸಿ ತಾಗಿದರೆ ಬಿಗಿದು ಏರುತ್ತದೆ, ಅತಿಯಾದರೆ ಬಿರಿಯುತ್ತದೆ. ಅದೇ ಗ್ರಂಥದಲ್ಲಿ ವಾದ್ಯದ ಚರ್ಮ ಹಳೆಯದಾಗಿರಬಾರದು, ಹರಿದಿರಬಾರದು, ಕಾಗೆ ಕುಕ್ಕಿರಬಾರದು, ಕೊಬ್ಬು ಉಳಿದಿರಬಾರದು, ಹೊಗೆ-ಬೆಂಕಿಗಳಿಂದ ಕೆಟ್ಟಿರಬಾರದು ಎಂಬ ಎಚ್ಚರಿಕೆಗಳಿವೆ. ವೇದಿಕೆಯ ಮೇಲೆ ಒಮ್ಮೆ ಅವಮಾನಪಟ್ಟವರೇ ಇಂಥ ಪಟ್ಟಿಯನ್ನು ಮಾಡಿಸಿರಬೇಕೆಂದು ನನಗೆ ಅನ್ನಿಸುತ್ತದೆ.

ನಮ್ಮ ಸೀಮೆಯ ಹವೆ ಈ ವಿಷಯದಲ್ಲಿ ನಿರ್ದಯಿ. ಬೇಸಿಗೆಯಲ್ಲಿ ಉರಿಬಿಸಿಲು, ಶ್ರಾವಣದ ಭಜನೆಗಳ ಕಾಲಕ್ಕೆ ಜಿಟಿಜಿಟಿ ಮಳೆ, ಜಾತ್ರೆಗಳ ಕಾಲಕ್ಕೆ ಇಬ್ಬನಿ. ತಬಲಾದ ಬಾಯಿಗೆ ಮೇಕೆಯ ಚರ್ಮ. ನಡುವೆ ಕಬ್ಬಿಣದ ಪುಡಿ ಬೆರೆತ ಕಪ್ಪು ಶಾಯಿ. ಸುತ್ತ ಚರ್ಮದ ಬಾರು. ಬಾರಿನ ಕೆಳಗೆ ಮರದ ಎಂಟು ಗಟ್ಟಿಗಳು. ಅವುಗಳನ್ನು ಸಣ್ಣ ಸುತ್ತಿಗೆಯಿಂದ ಕೆಳಕ್ಕೆ ಬಡಿದರೆ ಸ್ವರ ಏರುತ್ತದೆ. ಔರಾದ ಕಡೆಯ ಒಂದು ಜಾತ್ರೆಯಲ್ಲಿ ರಾತ್ರಿ ಹನ್ನೆರಡರ ಮೇಲೆ ಇಬ್ಬನಿಗೆ ತಬಲಾ ಇಳಿಯತೊಡಗಿತು. ಹಾರ್ಮೋನಿಯಂ ಮಾತ್ರ ಇದ್ದಲ್ಲಿಯೇ ಇತ್ತು. ಆ ಬಡಪಾಯಿ ಪ್ರತಿ ಪದದ ನಡುವೆ ಸುತ್ತಿಗೆ ಎತ್ತಿ ಬಡಿದೇ ಬಡಿದನು. ಕೊನೆಗೆ ಬಾರು ಫಟ್ಟನೆ ಕಡಿದುಹೋಯಿತು. ಜನ ಸೀಟಿ ಹೊಡೆದರು. ಅವನು ಡಗ್ಗಾ ಒಂದರಿಂದಲೇ ಬೆಳಗಿನವರೆಗೆ ಠೇಕಾ ಹಿಡಿದುಕೊಂಡು ಹೋದುದನ್ನು ಯಾರೂ ಮೆಚ್ಚಿ ಮಾತಾಡಲಿಲ್ಲ. ಬಾರು ಕಡಿದದ್ದೇ ಊರಿಗೆಲ್ಲ ಸುದ್ದಿಯಾಯಿತು.

ಮರಾಠಿ ಕೀರ್ತನೆಯ ಸಪ್ತಾಹಗಳಲ್ಲಿ ಪಖವಾಜದವರಿಗೆ ಇನ್ನೊಂದು ಸಂಕಟ. ಎಡಬದಿಗೆ ನಾದಿದ ಗೋಧಿ ಹಿಟ್ಟನ್ನು ಆಗಿಂದಾಗ್ಗೆ ಮೆತ್ತಬೇಕು, ಆಗಲೇ ಗಂಭೀರ ನಾದ ಬರುತ್ತದೆ. ಹಿಟ್ಟು ತೆಳುವಾದರೆ ಜಾರುತ್ತದೆ. ಬಿಸಿಗಾಳಿಗೆ ಒಣಗಿದರೆ ಹೊಡೆತಕ್ಕೆ ಕಳಚಿ ಬೀಳುತ್ತದೆ. ಮುಂದಿನ ಸಾಲಿನ ಅಜ್ಜಿಯರ ಮಡಿಲಿಗೇ ಹಿಟ್ಟಿನ ತುಣುಕು ಬಿದ್ದು ನಗೆಯೆದ್ದುದನ್ನು ನಾನು ಕಂಡಿದ್ದೇನೆ.

ಇವು ವಾದ್ಯದ ಕಷ್ಟಗಳಾದವು. ನಮ್ಮ ಗಡಿನಾಡಿಗೇ ವಿಶೇಷವಾದ ಇನ್ನೊಂದು ಕಷ್ಟವಿದೆ. 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮನ ಆಳ್ವಿಕೆಯಲ್ಲಿದ್ದೆವು. 1956ರಲ್ಲಿ ಬೀದರ ಜಿಲ್ಲೆ ಮೂರು ಪಾಲಾಗಿ, ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ ಹೋದವು. ಬೀದರ, ಭಾಲ್ಕಿ, ಹುಮನಾಬಾದ, ಔರಾದ ಭಾಗ ಮೈಸೂರಿಗೆ ಸೇರಿತು. ನಕ್ಷೆ ಹರಿದರೂ ಕಿವಿ ಹರಿಯಲಿಲ್ಲ. ಒಬ್ಬನೇ ತಬಲಾದವನು ಒಂದೇ ರಾತ್ರಿ ವಚನಕ್ಕೂ, ಅಭಂಗಕ್ಕೂ, ಕವ್ವಾಲಿಗೂ ಸಾಥ ಕೊಡಬೇಕಾಗುತ್ತಿತ್ತು. ಭಜನಿ ಠೇಕಾ ಎಂಟು ಮಾತ್ರೆ, ಕೆಹರವಾ ಎಂಟು ಮಾತ್ರೆ. ಲೆಕ್ಕ ಒಂದೇ, ತೂಗಾಟ ಬೇರೆ. ಹಾಡುವವನು ಆಲಾಪದಲ್ಲಿ ಎಲ್ಲೆಲ್ಲೋ ಸುತ್ತಿ ತನಗೆ ತೋಚಿದಲ್ಲಿ ಸಮ್‌ಗೆ ಬಂದರೆ, ತಪ್ಪು ತಬಲಾದವನ ತಲೆಗೆ! ಗಾಯಕ ಹಿಂದಿರುಗಿ ಒಮ್ಮೆ ದುರುಗುಟ್ಟಿ ನೋಡಿದರೆ ಸಾಕು, ಸಭೆ ತೀರ್ಪು ಕೊಟ್ಟುಬಿಡುತ್ತದೆ. ಸಾಥಿದಾರನಿಗೆ ಸಮರ್ಥನೆ ಮಾಡಿಕೊಳ್ಳಲು ಬಾಯಿಲ್ಲ. ಅಕ್ಬರನ ನಗಾರಿಖಾನೆಯಲ್ಲಿ ಸುಮಾರು 18 ಜೋಡಿ ದಮಾಮ, 20 ಜೋಡಿ ನಗಾರಿ ಇದ್ದುವೆಂದು ಐನ್-ಇ-ಅಕ್ಬರಿ ಹೇಳುತ್ತದೆ. ಆ ಗದ್ದಲದಲ್ಲಿ ಒಬ್ಬನ ಕೈ ತಪ್ಪಿದರೆ ಬಾದಶಹನಿಗೂ ತಿಳಿಯುತ್ತಿರಲಿಲ್ಲವೇನೋ. ವೇದಿಕೆಯ ಮೇಲೆ ಒಂಟಿಯಾಗಿ ಕುಳಿತವನಿಗೆ ಆ ಸೌಭಾಗ್ಯವಿಲ್ಲ.

ಧ್ವನಿವರ್ಧಕ ಬಂದ ಮೇಲೆ ಅಂಜಿಕೆಯ ರೂಪ ಬದಲಾಯಿತು. ದಕ್ಷಿಣದ ಮೃದಂಗ ಸಾಮ್ರಾಟ ಪಾಲ್ಘಾಟ್ ಮಣಿ ಅಯ್ಯರ್ (1912–1981) ಅವರಂಥ ಘನ ವಿದ್ವಾಂಸರೇ ಮೈಕನ್ನು ಒಪ್ಪದೆ, ಕೆಲವು ವರ್ಷ ಮೈಕಿರುವ ಕಛೇರಿಗಳಲ್ಲಿ ನುಡಿಸಲು ನಿರಾಕರಿಸಿದ್ದರು. ನಮ್ಮಲ್ಲಿ ನಿರಾಕರಿಸುವ ಧೈರ್ಯ ಯಾರಿಗಿತ್ತು? ಮೈಕು ಕೀರಲುವುದು, ನಡುವೆ ವಿದ್ಯುತ್ತು ಹೋಗುವುದು ನಿತ್ಯದ ಮಾತಾಗಿತ್ತು. ಭಾಲ್ಕಿಯ ಒಂದು ಕಾರ್ಯಕ್ರಮದಲ್ಲಿ ಹೀಗೆ ಕತ್ತಲಾದಾಗ ಹಾಡುವವರು ನಿಂತರು, ಹಾರ್ಮೋನಿಯಂ ನಿಂತಿತು, ತಬಲಾ ಮಾತ್ರ ಒಂದು ಮಾತ್ರೆಯೂ ತಪ್ಪದೆ ನಡೆದಿತ್ತು. ಬಾರಿಸುತ್ತಿದ್ದವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಕಲಾವಿದರು. ಪಂಚಾಕ್ಷರಿ ಗವಾಯಿಗಳೂ (1892–1944), ಪುಟ್ಟರಾಜ ಗವಾಯಿಗಳೂ (1914–2010) ಸಾವಿರಾರು ಮಕ್ಕಳಿಗೆ ಕೊಟ್ಟ ವಿದ್ಯೆಯ ಬೆಲೆ ಆ ಕತ್ತಲಿನಲ್ಲಿ ನಮಗೆ ತಿಳಿಯಿತು. "ಯಾಕ ನಿಲ್ಲಿಸಿದಿರಿ?" ಎಂದು ಅವರೇ ಕೇಳಿದರು.

ಇಷ್ಟರವರೆಗೆ ಹೇಳಿದ್ದು ವೇದಿಕೆ ದೊರೆತವರ ಕಥೆ. ಹಲಗೆಯವರ ಅಂಜಿಕೆಯೇ ಬೇರೆ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಕಲ್ಯಾಣದ ಶರಣರ ನಡುವೆ ಢಕ್ಕೆ ಬಾರಿಸುವ ಕಾಯಕದ ಢಕ್ಕೆಯ ಬೊಮ್ಮಣ್ಣ ವಚನಕಾರನೆನಿಸಿದನು. ಆದರೆ ಮುಂದಿನ ಶತಮಾನಗಳಲ್ಲಿ ಹಲಗೆ ಹಿಡಿದ ದಲಿತ ಕುಟುಂಬಗಳಿಗೆ ಗುಡಿಯ ಹೊರಗಿನ ಅಂಗಳವೇ ಗತಿಯಾಯಿತು. ದೇವರ ಉತ್ಸವಕ್ಕೆ, ಹೆಣದ ಮುಂದೆ, ಡಂಗುರಕ್ಕೆ ಅವರು ಬೇಕು, ಪಂಕ್ತಿಗೆ ಬೇಡ. ಚಳಿಯಲ್ಲಿ ಹಲಗೆ ಕಾಯಿಸಲು ಹುಲ್ಲು ಸಿಗದೆ ನಾದ ಕುಗ್ಗಿದರೆ ಅಲ್ಲಿ ನಗೆಯಲ್ಲ, ಬೈಗುಳ ಬೀಳುತ್ತಿತ್ತು. ಸುಗ್ಗಿಯಲ್ಲಿ ಕೊಡುವ ಕಾಳಿಗೂ ಕತ್ತರಿ. ಆದ್ದರಿಂದಲೇ ಅನೇಕ ಯುವಕರು ಹಲಗೆಯನ್ನು ಕೈಯಿಂದ ಇಳಿಸಿದರು. ಅದನ್ನು ಕಲೆಯ ನಷ್ಟವೆಂದು ಗೊಣಗುವವರೊಡನೆ ನಾನು ವಾದಿಸಿದ್ದುಂಟು. 1970ರ ದಶಕದಿಂದ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಅದೇ ಹಲಗೆ, ತಮಟೆಗಳು ಹೋರಾಟದ ಹಾಡಿಗೆ ಜೊತೆಯಾದವು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಈಗ ಬೀದರ ನಗರದ ಸಮಾರಂಭಗಳಲ್ಲಿ ಹಲಗೆಯವರು ವೇದಿಕೆಯ ಮೇಲೆಯೇ ನಿಲ್ಲುತ್ತಾರೆ. ಅವರಿಗೆ ಹೊಸದೊಂದು ತೊಡಕು: ಶಾಮಿಯಾನದ ಹಿಂದೆ ಬೆಂಕಿ ಹಾಕಿ ಹಲಗೆ ಕಾಯಿಸಲು ವ್ಯವಸ್ಥಾಪಕರು ಬಿಡುವುದಿಲ್ಲ. ಹೀಗಾಗಿ ತರುಣರು ಬೆಂಕಿ ಬೇಡದ ಪ್ಲಾಸ್ಟಿಕ್ ಹೊದಿಕೆಯ ಹಲಗೆಗಳನ್ನು ತರುತ್ತಾರೆ. ಅದು ಮಳೆಗೂ ಇಳಿಯದು, ಬಿಸಿಲಿಗೂ ಬಿರಿಯದು. ಹಳಬರೊಬ್ಬರನ್ನು ಅದರ ಬಗೆಗೆ ಕೇಳಿದೆ. "ಗುರುಗಳೇ, ಅಂಜಿಕೆ ಹೋಯಿತು ಖರೆ, ದನಿನೂ ಹೋಯಿತು" ಎಂದು ತಮ್ಮ ಚರ್ಮದ ಹಲಗೆಯನ್ನು ಬಗಲಲ್ಲಿಟ್ಟುಕೊಂಡು, ಬೆಂಕಿ ಹಾಕಲು ಜಾಗ ಹುಡುಕುತ್ತ ರಸ್ತೆಯ ಆಚೆಗೆ ಹೋದರು.